ಸದ್ದಿಲ್ಲದ ಕೋಣೆಯಲ್ಲಿ ನೋಡಿದ್ದು

ಪ್ರತಿ ಬುಧವಾರ ಬೆಳಿಗ್ಗೆ ಹಾಲಿವುಡ್ಡಿನ ಸ್ಟುಡಿಯೊವೊಂದರ ಪುಟ್ಟ ಪ್ರದರ್ಶನ ಕೋಣೆಯಲ್ಲಿ ಫ್ರ್ಯಾಂಕ್ಲಿನ್ ಬೀದಿಯ ಮಹಿಳಾ ಕ್ಲಬ್ಬಿನ ಚಿತ್ರ ಸಮಿತಿ ಸೇರುತ್ತಿತ್ತು. ಹೊಸ ಚಿತ್ರಗಳು ಊರೂರಿಗೆ ಹೊರಡುವ ಮೊದಲು ಅವನ್ನು ನೋಡಿ, ಯಾವುದಕ್ಕೆ ಮಕ್ಕಳನ್ನು ಕರೆದೊಯ್ಯಬಹುದು, ಯಾವುದಕ್ಕೆ ಬೇಡ ಎಂದು ಹೇಳುವುದು ಸಮಿತಿಯ ಕೆಲಸ. ಸಮಿತಿಯ ಮಾತು ಕ್ಯಾಲಿಫೋರ್ನಿಯಾದ ಸಣ್ಣಪುಟ್ಟ ಪತ್ರಿಕೆಗಳಲ್ಲೆಲ್ಲ ಅಚ್ಚಾಗುತ್ತಿತ್ತು. ತಾಯಂದಿರು ಅದನ್ನು ಓದಿಕೊಂಡು ಶನಿವಾರದ ಆಟಕ್ಕೆ ಹೋಗುತ್ತಿದ್ದರು.

ಚಿತ್ರಗಳಿಗೆ ಮಾತು ಬರಲು ಇನ್ನೂ ಎರಡು ಮೂರು ವರ್ಷವಿತ್ತು. ಹಾಗೆಂದು ಚಿತ್ರಮಂದಿರದಲ್ಲಿ ಯಾರೂ ಸದ್ದಿಲ್ಲದೆ ಚಿತ್ರ ನೋಡುತ್ತಿರಲಿಲ್ಲ. ತೆರೆಯ ಪಕ್ಕದಲ್ಲಿ ಒಬ್ಬರು ಕೂತು ಪಿಯಾನೊ ನುಡಿಸುತ್ತಿದ್ದರು, ಗುಡುಗಿಗೆ ಡ್ರಮ್ ಬಡಿಯುತ್ತಿದ್ದರು, ಕುದುರೆ ಓಡಿದರೆ ಮರದ ಬಟ್ಟಲುಗಳನ್ನು ಕುಟ್ಟುತ್ತಿದ್ದರು. ಸ್ಟುಡಿಯೊದ ಕೋಣೆಯಲ್ಲಿ ಮಾತ್ರ ಅದೊಂದೂ ಇರಲಿಲ್ಲ. ಬೆಳಗಿನ ಹೊತ್ತು ನಾಲ್ಕಾರು ಹೆಂಗಸರಿಗಾಗಿ ಪಿಯಾನೊದವರನ್ನು ಕರೆಸುವ ಗೋಜಿಗೆ ಸ್ಟುಡಿಯೊ ಹೋಗಿರಲಿಲ್ಲ. ಹೆಂಗಸರಿಗೂ ಅದೇ ಹಿತವಾಗಿತ್ತು. ಕಾಫಿ ಕುಡಿಯುತ್ತ, ಮಾತಾಡಿಕೊಳ್ಳುತ್ತ ನೋಡಬಹುದಿತ್ತು.

ಸಮಿತಿ ಕೈಗೊಂಡ ತೀರ್ಮಾನವನ್ನು ಎರಡು ಸಾಲಿನಲ್ಲಿ ಬರೆಯುವವಳು ಲವೀನಿಯಾ ಪ್ರೂಯಿಟ್. ಮದುವೆಗೆ ಮುಂಚೆ ಅಯೋವಾದಲ್ಲಿ ಶಾಲೆಯ ಟೀಚರಾಗಿದ್ದವಳು. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ ಎಂದು ಅವಳ ಬರವಣಿಗೆಗೆ ಹೆಸರಿತ್ತು. ಅವಳ ಗಂಡ ಆಸ್ಕರ್ ಅದೇ ಸ್ಟುಡಿಯೊದಲ್ಲಿ ಬಡಗಿಗಳ ಮೇಸ್ತ್ರಿ.

ಫೆಬ್ರವರಿಯ ಒಂದು ಬುಧವಾರ ಅವರು ನೋಡಿದ ಚಿತ್ರದ ಹೆಸರು 'ಕೆಳದಂಡೆಯ ಊರು'. ಅಣೆಕಟ್ಟು ಒಡೆಯುತ್ತದೆ. ಕುಡುಕನೆಂದು ಊರೇ ಹೀಗಳೆಯುತ್ತಿದ್ದ ಮುದುಕನೊಬ್ಬ ಚರ್ಚಿನ ಗೋಪುರ ಹತ್ತಿ ಗಂಟೆ ಬಾರಿಸುತ್ತಾನೆ. ಊರಿನವರು ಗುಡ್ಡ ಹತ್ತಿ ಉಳಿಯುತ್ತಾರೆ, ಮುದುಕ ನೀರುಪಾಲಾಗುತ್ತಾನೆ. ತೆರೆಯ ತುಂಬ ನೀರು ನುಗ್ಗಿ ಬಂದಾಗ ಹೆಂಗಸರು ನಗತೊಡಗಿದರು. ಆ ಅಣೆಕಟ್ಟನ್ನು ಆಸ್ಕರ್ ಕಟ್ಟಿದ್ದ. ಅದು ಅವನ ಮೊಣಕಾಲೆತ್ತರವಿತ್ತು. ತೇಲಿ ಹೋದ ಮನೆಗಳು ಪಿಯರ್ ಹಣ್ಣಿನ ಪೆಟ್ಟಿಗೆಗಳಷ್ಟು ದೊಡ್ಡವು.

"ಅಲ್ನೋಡಿ, ಮಿಸೆಸ್ ಪ್ರೂಯಿಟ್, ನಿಮ್ಮನೆಯವರು ಮನೆಗಳನ್ನ ಎಳೆದ ತಂತಿ ಕಾಣ್ತಾ ಇದೆ!" ಎಂದಳು ಪಕ್ಕದಲ್ಲಿದ್ದ ಮಿಸೆಸ್ ಡೆಲಪ್ಲೇನ್.

"ಹೇಳ್ಬೇಡಿ, ಸಂಜೆ ಊಟ ಬಿಟ್ಬಿಡ್ತಾರೆ," ಎಂದು ಲವೀನಿಯಾ ತಾನೂ ನಕ್ಕಳು.

ಹಾಲಿವುಡ್ಡಿನಲ್ಲಿ ಮನೆ ಮಾಡಿದವರಿಗೆ ಇದು ಅಂಟಿದ ಅಭ್ಯಾಸ. ಪ್ರವಾಹ ಕಂಡರೆ ತೊಟ್ಟಿ ನೆನಪಾಗುತ್ತದೆ, ಬೆಂಕಿ ಕಂಡರೆ ಹೊಗೆಯ ಡಬ್ಬ. ಸಮಿತಿ ಒಮ್ಮತದಿಂದ ಒಪ್ಪಿತು. ಲವೀನಿಯಾ ಬರೆದಳು: 'ತ್ಯಾಗದ ಒಳ್ಳೆಯ ಕಥೆ. ಆರು ವರ್ಷ ಮೇಲ್ಪಟ್ಟ ಮಕ್ಕಳೊಂದಿಗೆ ಇಡೀ ಕುಟುಂಬ ನೋಡಬಹುದು.'

*

ಒಂದೂವರೆ ತಿಂಗಳ ಮೇಲೆ ಲವೀನಿಯಾ ಸೈಕಮೋರ್ ಫೋರ್ಡ್ ಎಂಬ ಊರಿನ ಆಸ್ಪತ್ರೆಯಲ್ಲಿ ತನ್ನ ತಂಗಿಯ ಮಗಳ ಹಾಸಿಗೆಯ ಪಕ್ಕ ಕೂತಿದ್ದಳು. ಹುಡುಗಿಯ ಹೆಸರು ಫರ್ನ್, ಎಂಟು ವರ್ಷದವಳು. ಸೊಂಟದಿಂದ ಹಿಮ್ಮಡಿಯವರೆಗೆ ಪ್ಲಾಸ್ಟರು ಹಾಕಿದ್ದರು. ನಡೆಯುತ್ತಾಳೆ, ಆದರೆ ಕುಂಟು ಉಳಿಯುತ್ತದೆ ಎಂದಿದ್ದರು ಡಾಕ್ಟರು. ಮಲಗಿರುವಾಗ ಬೇಕೆಂದರೆ ತಲೆಯನ್ನು ಮಾತ್ರ ತಿರುಗಿಸಬಹುದಿತ್ತು.

ಪತ್ರಿಕೆಯಲ್ಲಿ ಬಂದದ್ದು ಇಷ್ಟು: ಶನಿವಾರದ ಆಟದಲ್ಲಿ ಯಾರೋ ಬೆಂಕಿ ಎಂದು ಸುಳ್ಳು ಕೂಗಿದ್ದರಿಂದ ನೂಕುನುಗ್ಗಲಾಯಿತು, ರೊಟ್ಟಿ ಅಂಗಡಿಯವರ ನಾಲ್ಕು ವರ್ಷದ ಮಗ ಸತ್ತ, ಹಲವರಿಗೆ ಪೆಟ್ಟಾಯಿತು.

"ಬೆಂಕಿ ಅಂತ ಒಂದು ನರಪಿಳ್ಳೆನೂ ಕೂಗ್ಲಿಲ್ಲ," ಎಂದಳು ತಂಗಿ ಯೂನಿಸ್. ಅವಳು ಕಿಟಕಿಯ ಬಳಿ ನಿಂತೇ ಇದ್ದಳು; ಅಕ್ಕ ಬಂದಾಗಿನಿಂದ ಕೂತಿರಲಿಲ್ಲ. "ಗಂಟೆ ಹೊಡೀತು, ವಿನ್ನಿ. ಅಷ್ಟೆ."

"ಯಾವ ಗಂಟೆ?"

"ಚಿತ್ರದ್ದು. ಆ ಮುದುಕ ಗೋಪುರ ಹತ್ತಿ ಹೊಡೀತಾನಲ್ಲ, ಅದು. ಪಿಯಾನೊ ನುಡಿಸೋಳು ಹೊಸಬಳು, ಸ್ಯಾಕ್ರಮೆಂಟೊ ಕಡೆಯವಳು. ಚಿತ್ರದ ಜೊತೆ ಬರತ್ತಂತಲ್ಲ, ಎಲ್ಲೆಲ್ಲಿ ಏನೇನು ನುಡಿಸ್ಬೇಕು ಅಂತ ಹಾಳೆ, ಅದರಲ್ಲಿ ಗಂಟೆ ಅಂತ ಇತ್ತಂತೆ. ಹೊಡೆದ್ಲು. ಅವಳ್ದೇನು ತಪ್ಪು? ಈ ಊರಲ್ಲಿ ಗಂಟೆ ಅಂದ್ರೆ ಏನು ಅಂತ ಅವಳಿಗೆ ಯಾರು ಹೇಳಿದ್ರು?"

ಲವೀನಿಯಾಗೆ ಗೊತ್ತಿತ್ತು. ಗೊತ್ತಿದ್ದೂ ನೆನಪಾಗಿರಲಿಲ್ಲ. ಊರಿನ ಮೇಲುಗಡೆ ಕಣಿವೆಯಲ್ಲಿ ಅಣೆಕಟ್ಟಿತ್ತು. ಫರ್ನ್ ಹುಟ್ಟುವ ಹಿಂದಿನ ವರ್ಷ ಅದರ ಒಂದು ಮಗ್ಗುಲು ಕುಸಿದು, ಕೆಳಗಿನ ಬೀದಿಗಳು ಕೊಚ್ಚಿಹೋಗಿದ್ದವು. ಆಮೇಲೆ ಅದನ್ನು ದುರಸ್ತಿ ಮಾಡಿದರು, ಊರಿನವರು ಒಂದು ಕಟ್ಟುಪಾಡು ಮಾಡಿಕೊಂಡರು. ಭಾನುವಾರ ಚರ್ಚಿಗೂ ಗಂಟೆಯಿಲ್ಲ, ಶಾಲೆಗೆ ಸೀಟಿ. ಗಂಟೆ ಬಾರಿಸಿದರೆ ಅದು ನೀರು. ಮಕ್ಕಳಿಗೆ ತಿಂಗಳಿಗೊಮ್ಮೆ ಶಾಲೆಯಲ್ಲಿ ಅದನ್ನೇ ರೂಢಿ ಮಾಡಿಸುತ್ತಿದ್ದರು: ಗಂಟೆ ಕೇಳಿದರೆ ಕೈಯಲ್ಲಿದ್ದದ್ದು ಬಿಟ್ಟು ಗುಡ್ಡಕ್ಕೆ ಓಡಬೇಕು. ಯಾರನ್ನೂ ಕೇಳಬಾರದು. ಅಮ್ಮನನ್ನು ಹುಡುಕಬಾರದು, ಅಮ್ಮ ಮೇಲೆ ಸಿಗುತ್ತಾಳೆ.

"ವಿನ್ನಿ ಆಂಟಿ," ಎಂದಳು ಫರ್ನ್, "ನಾನು ಅಮ್ಮನ್ನ ಹುಡುಕ್ಲೇ ಇಲ್ಲ. ಹೇಳ್ಕೊಟ್ಟಿದ್ದ ಹಾಗೇ ಮಾಡ್ದೆ."

"ಹೌದು ಪುಟ್ಟಿ. ಸರಿಯಾಗೇ ಮಾಡಿದೀಯ."

"ಮತ್ತೆ ನೀರು ಯಾಕೆ ಬರ್ಲಿಲ್ಲ?"

ಯೂನಿಸ್ ಬಾಗಿ ಮಗಳ ಹೊದಿಕೆ ಸರಿಮಾಡಿದಳು. ಸರಿಮಾಡುವಂಥದ್ದೇನೂ ಇರಲಿಲ್ಲ. ಆಮೇಲೆ ಅಕ್ಕನನ್ನು ಹೊರಗಿನ ಪಡಸಾಲೆಗೆ ಕರೆದಳು.

"ಬಾಗಿಲು ಒಳಮುಖ ತೆರೆಯೋದು. ಮಕ್ಕಳೆಲ್ಲ ಒಟ್ಟಿಗೆ ಹೋಗಿ ಅದಕ್ಕೇ ಒತ್ಕೊಂಡ್ವು. ಅಷ್ಟು ಚೆನ್ನಾಗಿ ಕಲ್ತಿದ್ವು ನೋಡು. ದೊಡ್ಡೋರು ಎದ್ದು ನಿಂತಾಗ ಮಕ್ಕಳು ಆಗ್ಲೇ ಬಾಗಿಲಲ್ಲಿ ಬಿದ್ದಿದ್ವು." ಅವಳ ದನಿ ಏರಲಿಲ್ಲ. "ನಾನು ಸಿನಿಮಾಕ್ಕೆ ಹೋಗೋಳೇ ಅಲ್ಲ. ಪೇಪರಲ್ಲಿ ಬಂತು. ನಿನ್ನ ಹೆಸರು ಇರಲ್ಲ, ಆದ್ರೆ ನಿನ್ನ ಮಾತು ನಂಗೆ ಗುರುತು ಸಿಗತ್ತೆ. ಅಕ್ಕ ಹೇಳಿದಾಳೆ ಬಾ ಅಂತ ಮಗೂನ ಕರ್ಕೊಂಡು ಹೋದೆ."

ಲವೀನಿಯಾ ಬಾಯಿ ತೆರೆದಳು.

"ಬೇಡ, ಕ್ಷಮೆ ಕೇಳ್ಬೇಡ. ಅದನ್ನ ಇಟ್ಕೊಂಡು ನಾನೇನು ಮಾಡ್ಲಿ? ಆ ಚಿತ್ರ ಈಗ ಎಲ್ಲಿದೆ ಅದನ್ನ ಹೇಳು. ಅಣೆಕಟ್ಟಿನ ಕೆಳಗೆ ಇರೋದು ನಮ್ಮೂರು ಒಂದೇನಾ?"

*

ಚಿತ್ರ ಎಲ್ಲಿದೆ ಎಂದು ಹಂಚಿಕೆಯ ಕಚೇರಿಯಿಂದ ತಿಳಿಯುವುದು ಕಷ್ಟವಾಗಲಿಲ್ಲ. ಬರುವ ಶನಿವಾರ ಲಾಸ್ ಸೌಸೆಸ್‌ನಲ್ಲಿ. ಬೆಟ್ಟದ ಸಾಲಿನ ಆಚೆಗೆ, ಬೇರೊಂದು ನದಿ, ಬೇರೊಂದು ಅಣೆಕಟ್ಟು. ಸೈಕಮೋರ್ ಫೋರ್ಡಿನ ಸುದ್ದಿ ಅಲ್ಲಿಯವರೂ ಓದಿರುತ್ತಾರೆ, ಬೆಂಕಿಯ ಸುಳ್ಳು ಕೂಗು ಎಂದೇ.

ಗುರುವಾರ ಸಮಿತಿಯ ವಿಶೇಷ ಸಭೆ ಸೇರಿಸುವಂತೆ ಲವೀನಿಯಾ ಕೇಳಿಕೊಂಡಳು. ಅಧ್ಯಕ್ಷೆ ಮಿಸೆಸ್ ಬ್ಯಾಬ್‌ಕಾಕ್ ತಮ್ಮ ಮನೆಯಲ್ಲೇ ಸೇರಿಸಿದರು. ದಪ್ಪ ಗಾಜಿನ ಕನ್ನಡಕದ, ಎತ್ತರದ ವಿಧವೆ. ಲವೀನಿಯಾ ನಡೆದದ್ದನ್ನು ಹೇಳಿ ಮುಗಿಸುವವರೆಗೆ ನಡುವೆ ಬಾಯಿ ಹಾಕಲಿಲ್ಲ.

"ಮಗು ಹೇಗಿದೆ?"

"ಬದುಕಿದೆ."

"ದೇವರ ದಯೆ. ಈಗ ಸಮಿತಿ ಏನು ಮಾಡ್ಬೇಕು ಅಂತೀರಿ?"

"ಶಿಫಾರಸು ವಾಪಸ್ ತಗೋಬೇಕು. ಇವತ್ತೇ. ಪತ್ರಿಕೆಗಳಿಗೆ ತಂತಿ ಕಳ್ಸಿ. ಲಾಸ್ ಸೌಸೆಸ್ ಚಿತ್ರಮಂದಿರಕ್ಕೂ ಸಮಿತಿ ಹೆಸರಲ್ಲಿ ಒಂದು."

ಮಿಸೆಸ್ ಡೆಲಪ್ಲೇನ್ ಕಾಫಿ ಬಟ್ಟಲನ್ನು ಕೆಳಗಿಟ್ಟಳು.

"ಮಿಸೆಸ್ ಪ್ರೂಯಿಟ್," ಎಂದರು ಮಿಸೆಸ್ ಬ್ಯಾಬ್‌ಕಾಕ್ ನಿಧಾನವಾಗಿ, "ಚಿತ್ರದಲ್ಲಿ ತಪ್ಪೇನಿದೆ? ಕೆಟ್ಟ ಮಾತಿದೆಯಾ, ಕುಡಿತದ ಹೊಗಳಿಕೆ ಇದೆಯಾ? ನಾವು ಹೇಳಿದ್ದು ಚಿತ್ರದ ಬಗ್ಗೆ. ಗಂಟೆ ಬಗ್ಗೆ ಅಲ್ಲ."

"ಗಂಟೆ ನಮಗೆ ಕೇಳಿಸ್ಲೇ ಇಲ್ಲ. ಅದೇ ನಾನು ಹೇಳ್ತಿರೋದು. ಅಲ್ಲಿ ಕೂತ ಜನ ನೋಡಿದ ಚಿತ್ರಾನ ನಾವು ನೋಡೇ ಇಲ್ಲ."

"ಹಾಗಾದ್ರೆ ಇಷ್ಟು ವರ್ಷ ನಾವು ಏನು ನೋಡ್ತಾ ಇದ್ವಿ?" ಎಂದಳು ಮಿಸೆಸ್ ಡೆಲಪ್ಲೇನ್. ಕೇಳಿದ ಮೇಲೆ ಕೇಳಬಾರದಿತ್ತು ಎನಿಸಿತೋ ಏನೋ, ಸಿಡುಕಿನಿಂದ ಮುಂದುವರಿಸಿದಳು: "ನಿಮ್ಮನೆಯವರೇ ಕಟ್ಟಿದ ಅಣೆಕಟ್ಟು. ಆ ದಿನ ನಮ್ಮೆಲ್ಲರಿಗಿಂತ ಜೋರಾಗಿ ನಕ್ಕಿದ್ದು ನೀವೇ."

"ಹೌದು. ನಾನೇ," ಎಂದಳು ಲವೀನಿಯಾ.

ಮಿಸೆಸ್ ಬ್ಯಾಬ್‌ಕಾಕ್ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. "ಕೇಳಿ. ಸರ್ಕಾರದ ಸೆನ್ಸಾರು ಬೇಕು ಅಂತ ಕೂಗೋರು ನಮ್ಮ ತಪ್ಪಿಗೇ ಕಾಯ್ತಾ ಇದಾರೆ. ಒಂದ್ಸಲ ನಾವು ಮಾತು ವಾಪಸ್ ತಗೊಂಡ್ರೆ, ಸ್ಟುಡಿಯೊದವರು ನಮ್ಮನ್ನ ಒಳಗೆ ಬಿಡಲ್ಲ, ತಾಯಂದಿರು ನಂಬಲ್ಲ. ಅಲ್ಲಿಗೆ ಮಕ್ಕಳ ಪರವಾಗಿ ಕಾವಲಿಗೆ ಯಾರೂ ಇರಲ್ಲ. ನಂಗೆ ಸಂಕಟ ಆಗಲ್ಲ ಅನ್ಕೊಂಡ್ರಾ? ಆದ್ರೆ ಪತ್ರಿಕೆನೇ ಬೆಂಕಿ ಕೂಗು ಅಂತ ಬರೆದಿರುವಾಗ, ಇಲ್ಲ ಇಲ್ಲ, ನಮ್ಮದೇ ತಪ್ಪು ಅಂತ ನಾವಾಗಿ ಹೇಳ್ಬೇಕಾ?"

ಮಾತಿನಲ್ಲಿ ಸುಳ್ಳಿರಲಿಲ್ಲ. ಶನಿವಾರಕ್ಕೆ ಇನ್ನೊಂದೇ ದಿನವಿದೆ ಎಂದಷ್ಟೇ ಲವೀನಿಯಾ ಹೇಳಿದಳು. ಕೈ ಎತ್ತಲು ಹೇಳಿದಾಗ ಎತ್ತಿದ ಕೈ ಅವಳದೊಂದೇ. ವಿಷಯವನ್ನು ಮುಂದಿನ ತಿಂಗಳ ಸಭೆಗೆ ಇಡಲಾಯಿತು. ಹೊರಡುವಾಗ ಮಿಸೆಸ್ ಬ್ಯಾಬ್‌ಕಾಕ್ ಬಾಗಿಲವರೆಗೂ ಬಂದು, ಮಗುವಿಗೆಂದು ಕಿತ್ತಳೆಯ ಜಾಮಿನ ಒಂದು ಜಾಡಿ ಕೊಟ್ಟರು.

ಸಂಜೆ ಊಟಕ್ಕೆ ಕೂತಾಗ ಆಸ್ಕರ್ ಹೆಚ್ಚು ಮಾತಾಡಲಿಲ್ಲ. ಆಸ್ಪತ್ರೆಯ ಸುದ್ದಿ ಕೇಳಿದ ದಿನದಿಂದ ಅವನು ಹಾಗೇ ಇದ್ದ.

"ಶೂಟಿಂಗ್ ದಿನ ನೀರನ್ನ ನೋಡಿದೋರು ಚಪ್ಪಾಳೆ ತಟ್ಟಿದ್ರು," ಎಂದ ಕೊನೆಗೆ. "ಕ್ಯಾಮೆರಾದವನು ನನ್ನ ಬೆನ್ನು ತಟ್ಟಿದ. ನಿಜವಾದ ನೀರಿನ ಹಾಗೇ ಇದೆ ಮೇಸ್ತ್ರಿ ಅಂದ."

"ನಾನು ನಾಡಿದ್ದು ಲಾಸ್ ಸೌಸೆಸ್‌ಗೆ ಹೋಗ್ತೀನಿ."

"ಸಮಿತಿ ಪರವಾಗಾ?"

"ಇಲ್ಲ."

ಆಸ್ಕರ್ ರೊಟ್ಟಿಗೆ ಬೆಣ್ಣೆ ಸವರಿದ. ಸ್ಟುಡಿಯೊಗೆ ತಿಳಿದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. "ನನ್ನ ಕೆಲಸದ ಚಿಂತೆ ನಂಗಿರ್ಲಿ. ನೀನು ಆ ಗಂಟೆ ಮೊದ್ಲು ಹುಡುಕು," ಎಂದ. "ಬಾಗಿಲು ಯಾವ ಕಡೆ ತೆರೆಯತ್ತೆ ಅಂತಾನೂ ನೋಡು."

*

ಲಾಸ್ ಸೌಸೆಸ್‌ನ ಚಿತ್ರಮಂದಿರ ಮುಖ್ಯ ಬೀದಿಯಲ್ಲಿ, ಔಷಧಿ ಅಂಗಡಿಗೂ ಮೇವಿನ ಅಂಗಡಿಗೂ ನಡುವೆ ಇತ್ತು. ಟಿಕೆಟ್ಟಿನ ಕಿಟಕಿಯ ಗಾಜಿಗೆ ಪತ್ರಿಕೆಯಿಂದ ಕತ್ತರಿಸಿದ ಚೂರೊಂದನ್ನು ಅಂಟಿಸಿದ್ದರು. 'ತ್ಯಾಗದ ಒಳ್ಳೆಯ ಕಥೆ. ಆರು ವರ್ಷ ಮೇಲ್ಪಟ್ಟ...' ಲವೀನಿಯಾ ಅದನ್ನು ಕೊನೆಯವರೆಗೆ ಓದಲಿಲ್ಲ.

ಮಾಲೀಕ ಕೆಪ್ಲಿಂಗರ್ ತೋಳು ಮಡಿಸಿದ ಅಂಗಿಯಲ್ಲಿ ಹೊರಗೆ ಬಂದ. ಒಹಾಯೊದಿಂದ ಬಂದು ವರ್ಷವೂ ತುಂಬಿರಲಿಲ್ಲ ಅವನಿಗೆ. ಹಾಲಿವುಡ್ಡಿನ ಸಮಿತಿಯವಳು ಎಂದು ತಿಳಿದು ಹಿರಿಹಿರಿ ಹಿಗ್ಗಿದ.

"ನಿಮ್ಮ ಮಾತು ಗಾಜಿನ ಮೇಲೇ ಇದೆ ನೋಡಿ ಮೇಡಂ! ಅದಿಲ್ದಿದ್ರೆ ಇಲ್ಲಿನ ತಾಯಂದಿರು ಮಕ್ಕಳನ್ನ ಬಾಗಿಲಿನ ಹತ್ರಾನೂ ಬಿಡಲ್ಲ. ಬನ್ನಿ, ನಿಮಗೊಂದು ತೋರಿಸ್ತೀನಿ. ನಮ್ಮವಳು ಎಲ್ಲಿಂದ ಹಿಡ್ಕೊಂಡು ಬಂದ್ಲು ಅಂತೀರಿ!"

ತೆರೆಯ ಹಿಂದೆ ತೊಲೆಗೆ ತೂಗುಹಾಕಿದ್ದ ಹಿತ್ತಾಳೆಯ ಗಂಟೆಯೊಂದನ್ನು ತೋರಿಸಿದ. ಹಳೆಯ ರೈಲು ಎಂಜಿನ್ನಿನದು. ಅದರ ಹಗ್ಗ ಪಿಯಾನೊದವರೆಗೆ ಬಂದಿತ್ತು. ಪಿಯಾನೊದ ಮುಂದೆ ಕೂತಿದ್ದ ಅವನ ಹೆಂಡತಿ ಬರ್ತಾ ದುಂಡು ಮುಖದ ಹೆಂಗಸು. ನುಡಿಸಬೇಕಾದ ಹಾಳೆಯನ್ನು ನೋಡಿಕೊಳ್ಳುತ್ತಿದ್ದಳು.

"ಎಲ್ಲರೂ ಹೊಡೆಯೋ ಹಾಗೆ ಉಕ್ಕಿನ ಸರಳಿನ ತ್ರಿಕೋನಾನ ಟಿಣ್ ಟಿಣ್ ಅನ್ಸಿದ್ರೆ ಏನ್ ಚೆಂದ?" ಎಂದಳು ಬರ್ತಾ. "ಇದನ್ನ ಎಳೆದ್ರೆ ಮೇವಿನ ಅಂಗಡಿಯೋರೂ ಎದ್ದು ಬರ್ತಾರೆ."

"ಈ ಊರಲ್ಲಿ ಗಂಟೆ ಯಾವಾಗ ಬಾರಿಸ್ತಾರೆ, ಮಿಸೆಸ್ ಕೆಪ್ಲಿಂಗರ್?" ಎಂದು ಕೇಳಿದಳು ಲವೀನಿಯಾ.

"ಬಾರಿಸಿದ್ದೇ ಕೇಳಿಲ್ಲಪ್ಪ ನಾನು. ಅಗ್ನಿಶಾಮಕದವರ ಹತ್ರ ಒಂದಿದೆ, ಅದನ್ನ ಮುಟ್ಟೋದಕ್ಕೂ ಬಿಡಲ್ಲ. ಮಕ್ಕಳಿಗೆ ಶಾಲೆಯಲ್ಲಿ ಏನೋ ಹೇಳ್ಕೊಡ್ತಾರೆ..." ಬರ್ತಾ ಮಾತು ನಿಲ್ಲಿಸಿದಳು.

ಲವೀನಿಯಾ ಸೈಕಮೋರ್ ಫೋರ್ಡಿನ ವಿಷಯ ಹೇಳಿದಳು. ಒಳಮುಖ ತೆರೆಯುವ ಬಾಗಿಲು, ರೊಟ್ಟಿ ಅಂಗಡಿಯವರ ಮಗು, ಫರ್ನ್. ತನಗೆ ಗೊತ್ತಿದ್ದಷ್ಟನ್ನೇ ಹೇಳಿದಳು, ಗೊತ್ತಿಲ್ಲದ್ದನ್ನು ಸೇರಿಸಲಿಲ್ಲ. ಮಾತು ಮುಗಿಯುವ ಮೊದಲೇ ಬರ್ತಾ ಎದ್ದು ಹೋಗಿ ಹಗ್ಗವನ್ನು ಗಂಟೆಯ ಕೊರಳಿಗೆ ಸುತ್ತಿ ಕಟ್ಟತೊಡಗಿದ್ದಳು.

ಕೆಪ್ಲಿಂಗರ್ ಮಾತ್ರ ಅಷ್ಟಕ್ಕೇ ಬಗ್ಗಲಿಲ್ಲ. "ಗಂಟೆ ಬೇಡ, ಆಯ್ತು. ಮತ್ತೇನು? ಆಟ ನಿಲ್ಲಿಸು ಅನ್ಬೇಡಿ. ಕಣಿವೆ ಮೇಲಿನ ತೋಟಗಳಿಂದ ಜನ ಗಾಡಿ ಕಟ್ಕೊಂಡು ಹೊರಟಾಗಿದೆ."

"ಆಟಕ್ಕೆ ಮುಂಚೆ ನಾನು ಎರಡು ಮಾತಾಡ್ಬೇಕು. ಗಾಜಿನ ಮೇಲಿರೋ ಆ ಚೂರನ್ನೂ ತೆಗೀರಿ."

"ನೀವೇ ಬರೆದಿದ್ದಲ್ವಾ ಅದು?"

"ಅದಕ್ಕೇ ಹೇಳ್ತಿರೋದು."

"ಚಿತ್ರದ ಮೇಲೆ ನೀವು ಕೆಟ್ಟದಾಗಿ ಏನಾದ್ರೂ ಅಂದ್ರೆ ನಾಳೆ ನಂಗೆ ಚಿತ್ರ ಕಳ್ಸೋರು ಯಾರು?" ಎಂದು ಕೆಪ್ಲಿಂಗರ್ ಗೊಣಗಿದ.

"ಎಡ್ಗರ್," ಎಂದಳು ಬರ್ತಾ ತೆರೆಯ ಹಿಂದಿನಿಂದ, "ನಮ್ಮ ಮಕ್ಕಳೂ ಮುಂದಿನ ಸಾಲಲ್ಲೇ ಕೂರೋದು. ಹೋಗಿ ಆ ಕಾಗ್ದ ಕೀಳು."

*

ಮಧ್ಯಾಹ್ನದ ಆಟಕ್ಕೆ ಚಿತ್ರಮಂದಿರ ತುಂಬಿತು. ನಿಂಬೆ ತೋಟಗಳವರು, ಪ್ಯಾಕಿಂಗ್ ಮನೆಯ ಮೆಕ್ಸಿಕನ್ ಕುಟುಂಬಗಳು, ಅಜ್ಜಿಯರು, ಕೈಗೂಸುಗಳು. ಲವೀನಿಯಾ ತೆರೆಯ ಮುಂದೆ ಬಂದು ನಿಂತಾಗ ಹಿಂದಿನಿಂದ ಯಾರೋ ಸಿಳ್ಳೆ ಹಾಕಿದರು. ಹಾಡು ಹೇಳುವವಳು ಬಂದಳೆಂದುಕೊಂಡಿರಬೇಕು.

"ಈ ಚಿತ್ರ ಇಡೀ ಕುಟುಂಬ ನೋಡ್ಬಹುದು ಅಂತ ಪೇಪರಲ್ಲಿ ಬಂದಿತ್ತಲ್ಲ, ಅದನ್ನ ಬರೆದೋಳು ನಾನು," ಎಂದಳು. "ನಾನು ನೋಡಿದಾಗ ಪಿಯಾನೊ ಇರ್ಲಿಲ್ಲ, ಗಂಟೆ ಇರ್ಲಿಲ್ಲ. ಒಂದು ಮಗೂನೂ ಪಕ್ಕದಲ್ಲಿ ಇರ್ಲಿಲ್ಲ. ಇದರಲ್ಲಿ ಬರೋ ನೀರು ಸುಳ್ಳು ಅಂತ ನಂಗೆ ಮೊದ್ಲೇ ಗೊತ್ತಿತ್ತು. ಹಾಗಾಗಿ ನಕ್ಕೆ. ಹೋದ ಶನಿವಾರ ಸೈಕಮೋರ್ ಫೋರ್ಡಲ್ಲಿ ಇದೇ ಚಿತ್ರದಲ್ಲಿ ಗಂಟೆ ಹೊಡೆದ್ರು. ಅಲ್ಲಿನ ಮಕ್ಕಳಿಗೂ ನಿಮ್ಮ ಮಕ್ಕಳ ಹಾಗೇ ಹೇಳ್ಕೊಟ್ಟಿದ್ರು. ಓಡಿದ್ವು. ಒಂದು ಮಗು ಸತ್ತುಹೋಯ್ತು. ಬೆಂಕಿ ಅಂತ ಪೇಪರಲ್ಲಿ ಬಂದಿದ್ದು ಸುಳ್ಳು."

ಮಧ್ಯದ ಸಾಲಿನಿಂದ ಗಡ್ಡದ ಗಂಡಸೊಬ್ಬ ಎದ್ದ. "ಅಲ್ಲ ಮೇಡಂ, ಮೊದ್ಲು ನೋಡಿ ಅಂದ್ರಿ, ಈಗ ಹೆದರಿಸ್ತೀರಿ. ನೋಡ್ಬಹುದೋ, ನೋಡ್ಬಾರ್ದೋ? ಒಂದೇ ಮಾತಲ್ಲಿ ಹೇಳಿ, ಪಾಪ್‌ಕಾರ್ನ್ ತಣ್ಣಗಾಗ್ತಿದೆ!"

ಜನ ನಕ್ಕರು. ಲವೀನಿಯಾ ನಗು ಮುಗಿಯುವವರೆಗೆ ಕಾದಳು. ಒಂದೇ ಮಾತಿನಲ್ಲಿ ಹೇಳುವುದು ಇಷ್ಟು ವರ್ಷ ಅವಳ ಕೆಲಸವಾಗಿತ್ತು.

"ನಂಗೆ ಗೊತ್ತಿಲ್ಲ," ಎಂದಳು. "ನಿಮ್ಮ ಮಕ್ಕಳು ನಿಮಗೆ ಗೊತ್ತು. ಇವತ್ತು ಗಂಟೆ ಹೊಡೆಯಲ್ಲ. ಆದ್ರೆ ತೆರೆ ಮೇಲೆ ಗಂಟೆ ಕಾಣತ್ತೆ, ಆಮೇಲೆ ನೀರು ಬರತ್ತೆ. ಬೇಡ ಅನ್ಸಿದೋರು ಈಗ್ಲೇ ಎದ್ದು ಹೋಗಿ, ದುಡ್ಡು ವಾಪಸ್ ಕೊಡ್ತಾರೆ."

ಕೆಪ್ಲಿಂಗರ್ ಬಾಗಿಲ ಬಳಿ ಕಣ್ಣು ಮುಚ್ಚಿಕೊಂಡ.

ಕೆಲವರು ಎದ್ದರು. ಎಳೆಗೂಸಿನ ತಾಯಿಯೊಬ್ಬಳು, ಇಬ್ಬರು ಮೊಮ್ಮಕ್ಕಳನ್ನು ರೆಟ್ಟೆ ಹಿಡಿದು ಎಳೆದುಕೊಂಡು ಹೋದ ಅಜ್ಜನೊಬ್ಬ. ಮೊಮ್ಮಕ್ಕಳು ಅಳುತ್ತ ಹೋದವು. ಉಳಿದವರು ಕೂತೇ ಇದ್ದರು. ಅಷ್ಟು ದೂರದಿಂದ ಬಂದವರು. ಆದರೆ ಗಡ್ಡದವನೂ ಇನ್ನಿಬ್ಬರೂ ಸೇರಿ ಪಕ್ಕದ ಬಾಗಿಲನ್ನು ಅಲುಗಾಡಿಸಿ ನೋಡಿದರು. ಅದು ಒಳಮುಖ ತೆರೆಯುತ್ತಿತ್ತು. ಔಷಧಿ ಅಂಗಡಿಯಿಂದ ಸ್ಕ್ರೂಡ್ರೈವರ್ ತಂದು ಕೀಲು ಬಿಚ್ಚಿ, ಬಾಗಿಲನ್ನೇ ತೆಗೆದು ಹೊರಗೋಡೆಗೆ ಒರಗಿಸಿದರು. ಆ ತೆರಪಿಗೆ ಬರ್ತಾ ಕಪ್ಪು ಬಟ್ಟೆಯೊಂದನ್ನು ಇಳಿಬಿಟ್ಟಳು. ಗಾಳಿಗೆ ಅದು ಒಮ್ಮೊಮ್ಮೆ ಸರಿದು, ಬಿಸಿಲಿನ ಒಂದು ಪಟ್ಟಿ ಸಾಲುಗಳ ಮೇಲೆ ಹರಿದು ಹೋಗುತ್ತಿತ್ತು.

ಲವೀನಿಯಾ ಹಿಂದಿನ ಸಾಲಿನಲ್ಲಿ, ಕಪ್ಪು ಶಾಲು ಹೊದ್ದ ಮೆಕ್ಸಿಕನ್ ಮುದುಕಿಯ ಪಕ್ಕ ಕೂತಳು. ಮುದುಕಿಯ ಮೊಮ್ಮಗಳು ತೆರೆಯ ಮೇಲಿನ ಬರಹವನ್ನು ಸ್ಪ್ಯಾನಿಷಿಗೆ ಮಾಡಿ ಪಿಸುಗುಟ್ಟುತ್ತಿದ್ದಳು. ಎಲ್ಲ ಸಾಲಿನಲ್ಲೂ ಹಾಗೆ ಯಾರಾದರೂ ಯಾರಿಗಾದರೂ ಓದಿ ಹೇಳುತ್ತಿದ್ದರು. ಬರ್ತಾಳ ಪಿಯಾನೊ ಅದರ ನಡುವೆ ಏರುತ್ತ ಇಳಿಯುತ್ತ ಹೋಯಿತು. ಕುಡುಕ ಮುದುಕ ಜಾರಿ ಬಿದ್ದಾಗ ಮಕ್ಕಳು ಕಿರುಚಿ ನಕ್ಕವು. ಸ್ಟುಡಿಯೊದ ಕೋಣೆಯಲ್ಲಿ ಅದು ನಗುವ ಜಾಗವೆಂದೇ ಲವೀನಿಯಾಗೆ ತೋರಿರಲಿಲ್ಲ.

ಮುದುಕ ಗೋಪುರ ಹತ್ತಿದ. ಹಗ್ಗಕ್ಕೆ ಕೈ ಹಾಕಿದ. ಬರ್ತಾ ಪಿಯಾನೊದಿಂದ ಕೈ ಎತ್ತಿದಳು.

ತೆರೆಯ ಮೇಲೆ ಗಂಟೆ ಸದ್ದಿಲ್ಲದೆ ತೂಗಾಡಿತು. ಮೂರನೆಯ ಸಾಲಿನಲ್ಲಿ ಒಂದು ಹುಡುಗಿ ಎದ್ದು ನಿಂತಳು. ಅವಳ ಪಕ್ಕದವನು ಎದ್ದ. ಆ ಸಾಲು, ಅದರ ಹಿಂದಿನ ಸಾಲು, ಗೋಡೆ ಪಕ್ಕದವರು. ಮಂದಿರದಲ್ಲಿದ್ದ ಮಕ್ಕಳೆಲ್ಲ ಎದ್ದವು. ಯಾರೂ ಕೂಗಲಿಲ್ಲ. ಅವುಗಳ ಮುಖ ತೆರೆಯ ಕಡೆ ಇರಲಿಲ್ಲ, ಬಾಗಿಲ ಕಡೆ ಇತ್ತು.

"ಓಡ್ಬೇಕಾ, ಪಪ್ಪಾ?" ಎಂದಿತು ಒಂದು ದನಿ.

"ಬೇಡ. ಗಂಟೆ ಹೊಡೀಲಿಲ್ಲ ನೋಡು. ಚಿತ್ರ ಅದು," ಎಂದ ಗಡ್ಡದವನು. ಆದರೆ ಕೂರು ಎನ್ನಲಿಲ್ಲ. ಮಗನ ಹೆಗಲ ಮೇಲೆ ಕೈಯಿಟ್ಟು ತಾನೂ ಎದ್ದ. ಆಗ ದೊಡ್ಡವರೆಲ್ಲ ಒಬ್ಬೊಬ್ಬರಾಗಿ ಎದ್ದರು, ತಮ್ಮ ತಮ್ಮ ಮಕ್ಕಳ ಕೈ ಹಿಡಿದುಕೊಂಡರು. ಮುದುಕಿ ಲವೀನಿಯಾಳ ತೋಳಿಗೆ ಆತು ಎದ್ದಳು. ಆಸ್ಕರ್ ಕಟ್ಟಿದ ಅಣೆಕಟ್ಟು ಒಡೆಯಿತು, ಪೆಟ್ಟಿಗೆಯಷ್ಟು ದೊಡ್ಡ ಮನೆಗಳು ತಿರುಗುತ್ತ ತೇಲಿದವು, ಮೂಲೆಯಲ್ಲಿ ಆ ತಂತಿಯೂ ಹೊಳೆಯಿತು. ಈ ಬಾರಿ ಅದನ್ನು ಕಂಡವರು ಯಾರೂ ಇರಲಿಲ್ಲ, ಲವೀನಿಯಾ ಒಬ್ಬಳನ್ನು ಬಿಟ್ಟು. ಇಡೀ ಮಂದಿರ ನಿಂತೇ ನೀರು ನೋಡಿತು. ಮುದುಕಿಯ ತುಟಿ ಅಲುಗುತ್ತಿತ್ತು. ಎಂದೋ ನೀರುಪಾಲಾದ ಯಾರದೋ ಹೆಸರುಗಳಿರಬೇಕು, ಒಂದೊಂದಾಗಿ ಹೇಳುತ್ತಿದ್ದಳು.

ನೀರು ಇಳಿದ ಮೇಲೆ ಜನ ಕೂತರು. ಬರ್ತಾ ಮತ್ತೆ ನುಡಿಸತೊಡಗಿದಳು, ಮೊದಲು ಒಂದೇ ಕೈಯಲ್ಲಿ.

ಆಟ ಬಿಟ್ಟಾಗ ಹೆಚ್ಚಿನವರು ಲವೀನಿಯಾಳನ್ನು ಮಾತಾಡಿಸದೆ ಹೋದರು. ಒಬ್ಬಳು ಮಾತ್ರ ನಿಂತು, "ನೀವು ಹೇಳದೇ ಇದ್ದಿದ್ರೆ ಮಗು ಖುಷಿಯಾಗಿ ನೋಡ್ತಿತ್ತೇನೋ," ಎಂದಳು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ, ನಿಜಕ್ಕೂ ಯೋಚಿಸುತ್ತಿದ್ದಳು. "ಅಥವಾ ಇಲ್ವೇನೋ," ಎಂದು ಸೇರಿಸಿ ಮಗುವನ್ನು ಎತ್ತಿಕೊಂಡು ಹೋದಳು.

ಕೆಪ್ಲಿಂಗರ್ ಖಾಲಿ ಸಾಲುಗಳ ನಡುವೆ ಕಡಲೆಕಾಯಿ ಸಿಪ್ಪೆ ಗುಡಿಸುತ್ತಿದ್ದ. "ಹಂಚಿಕೆಯವರು ಫೋನ್ ಮಾಡ್ತಾರೆ," ಎಂದ. "ಏನು ಹೇಳ್ಲಿ ಅವರಿಗೆ?"

"ನನ್ನ ಹೆಸರು ಹೇಳಿ. ಲವೀನಿಯಾ ಪ್ರೂಯಿಟ್. ಪ್ರೂಯಿಟ್‌ನ ಸರಿಯಾಗಿ ಹೇಳಿ, ಸಮಿತಿ ಹೆಸರು ಮಾತ್ರ ಬೇಡ."

ಬರ್ತಾ ಚಿತ್ರದ ಜೊತೆ ಬಂದ ಹಾಳೆಯನ್ನು ಮೊಣಕಾಲ ಮೇಲಿಟ್ಟುಕೊಂಡು ಪೆನ್ಸಿಲಿಗೆ ಉಗುಳು ತಾಗಿಸುತ್ತಿದ್ದಳು. ಗಂಟೆ ಎಂದು ಇದ್ದಲ್ಲಿ ಗೆರೆ ಎಳೆದು, ಪಕ್ಕದಲ್ಲಿ ದೊಡ್ಡದಾಗಿ ಬರೆದಳು: 'ಇಲ್ಲಿ ಏನೂ ನುಡಿಸಬೇಡಿ. ಬಾಗಿಲು ತೆರೆದಿಡಿ.' ಸೋಮವಾರ ಈ ಹಾಳೆ ಚಿತ್ರದ ಡಬ್ಬದೊಳಗೇ ಮುಂದಿನ ಊರಿಗೆ ಹೋಗುತ್ತದೆ ಎಂದಳು.

"ಇದೊಂದು ಪ್ರತಿಗಾಯ್ತು," ಎಂದಳು ಲವೀನಿಯಾ. "ಬೇರೆ ಪ್ರತಿಗಳೂ ಓಡಾಡ್ತಿವೆ."

"ಅವುಗಳ ಪಿಯಾನೊ ಮುಂದೆ ಕೂತಿರೋಳು ನಾನಲ್ಲವಲ್ಲ," ಎಂದಳು ಬರ್ತಾ. ಹಾಳೆಯನ್ನು ಮಡಿಸದೆ ಡಬ್ಬದ ಮುಚ್ಚಳಕ್ಕೆ ಅಂಟಿಸಿದಳು.

ಹೊರಗೆ ಗಡ್ಡದವನೂ ಅವನ ಜೊತೆಯವರೂ ಬಾಗಿಲನ್ನು ಎತ್ತಿಕೊಂಡು ಕೀಲಿಗೆ ಕೂರಿಸಲು ನೋಡುತ್ತಿದ್ದರು. ಲವೀನಿಯಾ ಅಲ್ಲಿಗೆ ನಡೆದಳು. ಹಾಲಿವುಡ್ ಕಡೆಯ ಕೊನೆಯ ರೈಲಿಗೆ ಹೊತ್ತಾಗಿತ್ತು, ಆದರೆ ಸಂಜೆಯ ಆಟಕ್ಕೆ ಆಗಲೇ ಎರಡು ಗಾಡಿಗಳು ಬಂದು ನಿಂತಿದ್ದವು. ಒಂದರಲ್ಲಿ ಮಕ್ಕಳು ಇಳಿಯಲು ಜಗಳವಾಡುತ್ತಿದ್ದವು.

"ಅದನ್ನ ಈಗ್ಲೇ ಹಾಕ್ಬೇಡಿ," ಎಂದಳು ಅವಳು. "ಇನ್ನೊಂದು ಆಟ ಇದೆ."